ಹೊನ್ನಯ್ಯನನ್ನು ಒಳಗೆ ಕರೆದದ್ದು

ಹೊನ್ನಯ್ಯ ಸತ್ತದ್ದು ಸುರಂಗದೊಳಗೆ. ಊರಿಗೆ ಹೇಳಿದ್ದು ಮನೆಯ ಜಗಲಿಯಲ್ಲಿ ಎಂದು.

ಹಾಗೆ ಹೇಳಿದವರಲ್ಲಿ ಅವನ ಹೆಂಡತಿ ಈಶ್ವರಿಯೂ ಸೇರಿದ್ದಳು. ಅವಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಕೇಳಲು ಬಂದವರ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ತಗ್ಗಿಸಿದ ತಲೆಯನ್ನು ಅವರು ಹೌದು ಎಂದು ತೆಗೆದುಕೊಂಡರು. ಅವಳು ಅಲ್ಲ ಎನ್ನಲಿಲ್ಲ.

ಪೆರ್ಲದಲ್ಲಿ ಬಸ್ಸಿಳಿದು ರಬ್ಬರ್ ತೋಟದ ಬದಿಯಿಂದ ಮೇಲಕ್ಕೆ ಹತ್ತಿದರೆ ಕರಿಪಾದೆ. ಮೊಗೇರರ ಕಾಲನಿ. ಕಾಲನಿ ಎಂಬ ಪದದಲ್ಲಿ ಅವಮಾನ ಇದೆಯೆಂದು ಸರಕಾರಕ್ಕೆ ಅನ್ನಿಸಿ, ಕೆಳಗಿನ ತಿರುವಿನ ಬೋರ್ಡು ಕಿತ್ತು, ‘ಕರಿಪಾದೆ ಉನ್ನತಿ’ ಎಂದು ಹೊಸದು ನೆಟ್ಟಿದ್ದರು. ಬೋರ್ಡು ನೆಟ್ಟ ವರ್ಷವೂ ಫೆಬ್ರವರಿ ದಾಟುವುದರೊಳಗೆ ಬಾವಿ ಬತ್ತಿತು. ಹೆಂಗಸರು ಕೊಡ ಹಿಡಿದು ರಬ್ಬರ್ ತೋಟದ ಮನೆಯ ಹತ್ತಿರ ನಿಂತರು. ಅಲ್ಲಿ ಈಗ ಯಾರೂ ದೂರ ನಿಲ್ಲು ಎನ್ನುವುದಿಲ್ಲ. ಪೈಪನ್ನು ಗೇಟಿನ ಹೊರಗೆ ಎಳೆದು ಬಿಟ್ಟಿದ್ದಾರೆ, ಅಷ್ಟೆ.

ಆ ಗುಡ್ಡದಲ್ಲಿ ಬಾವಿಯನ್ನು ಇನ್ನೂ ಆಳ ತೋಡಿದರೆ ಕಲ್ಲು ಸಿಗುತ್ತದೆ. ನೀರು ಬೇಕಾದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿಕೊಂಡು ಹೋಗಬೇಕು. ಒಬ್ಬ ಬಗ್ಗಿ ನಡೆಯುವಷ್ಟು ಎತ್ತರ, ಒಬ್ಬನ ಭುಜ ಹಿಡಿಸುವಷ್ಟು ಅಗಲ. ಒಳಗೆ ಒಬ್ಬ ಕುಕ್ಕರಗಾಲಲ್ಲಿ ಕೂತು ಪಿಕ್ಕಾಸಿನಿಂದ ಕೆತ್ತುತ್ತಾನೆ. ಇನ್ನೊಬ್ಬರು ಮಣ್ಣು ತುಂಬಿ ಹೊರಗೆ ಸಾಗಿಸುತ್ತಾರೆ. ಹೊನ್ನಯ್ಯ ಕೆತ್ತುವವ. ಈಶ್ವರಿ ಹೊರುವವಳು. ಮದುವೆಯಾದ ಮೇಲೆ ಇಬ್ಬರೂ ಸೇರಿ ಸುತ್ತಮುತ್ತಲಿನ ಎಷ್ಟೋ ತೋಟಗಳಿಗೆ ನೀರು ತೆಗೆದುಕೊಟ್ಟಿದ್ದರು. ತಮ್ಮ ಕಾಲನಿಗೆ ತೋಡಿದ್ದು ಇದೇ ಮೊದಲು.

ಸುರಂಗದ ಮಾಡು ತಗ್ಗು. ಬುಟ್ಟಿಯನ್ನು ತಲೆಯ ಮೇಲೆ ಇಡಲು ಆಗುವುದಿಲ್ಲ. ಹೊಟ್ಟೆಗೆ ಒತ್ತಿಹಿಡಿದು ಬಗ್ಗಿ ನಡೆಯಬೇಕು. ಬುಟ್ಟಿಯ ಅಂಚು ಉಜ್ಜಿ ಉಜ್ಜಿ ಈಶ್ವರಿಯ ಹೊಟ್ಟೆಯ ಚರ್ಮ ಪಾದದ ಚರ್ಮದ ಹಾಗೆ ದಪ್ಪವಾಗಿತ್ತು. ಖಾಲಿ ಬುಟ್ಟಿ ಹಿಡಿದು ಸುರಂಗದ ಬಾಯಿಗೆ ಬಂದಾಗಲೆಲ್ಲ ಅವಳು ಓಯ್ ಎಂದು ಕೂಗಬೇಕು. ಒಳಗಿದ್ದವ ಪಿಕ್ಕಾಸಿನ ಹಿಡಿಯಿಂದ ಗೋಡೆಗೆ ಬಡಿಯಬೇಕು. ಮಾತಾಡಿದರೆ ಉಸಿರು ಖರ್ಚು. ಬಡಿತ ಕೇಳಿದರೆ ಒಳಗೆ ಗಾಳಿ ಇದೆ, ಮನುಷ್ಯ ಇದ್ದಾನೆ.

ಯೋಜನೆ ಪಂಚಾಯತಿನದು. ವಾರ್ಡಿನ ಮೆಂಬರ್ ಹರಿಣಾಕ್ಷಿ. ಸಹಿ ಹರಿಣಾಕ್ಷಿಯದು, ಮಾತು ಗಂಡ ಧನರಾಜನದು. ಕೆಲಸವನ್ನು ಕಾಲನಿಯ ಜನರದೇ ಗುಣಭೋಕ್ತೃ ಸಮಿತಿ ಮಾಡಿಸುತ್ತದೆ ಎಂದು ಬರೆದಿತ್ತು. ಫಲ ಉಣ್ಣುವವರ ಸಮಿತಿ ಎಂದು ಅದರ ಅರ್ಥವಂತೆ. ಅದರ ಸಭೆ ಎಲ್ಲಿ ಯಾವಾಗ ಸೇರಿತೆಂದು ಉಣ್ಣಬೇಕಾದವರಿಗೆ ಗೊತ್ತಿರಲಿಲ್ಲ. ಜೀಪು, ಸಿಮೆಂಟು, ಕೂಲಿ, ಎಲ್ಲವೂ ಧನರಾಜನ ಕೈಯಲ್ಲಿತ್ತು.

ಮಾರ್ಚ್ ಕೊನೆಗೆ ಪಂಚಾಯತಿನಲ್ಲಿ ಲೆಕ್ಕ ಮುಗಿಸಬೇಕು. ಹಾಗಾಗಿ ಮಾರ್ಚಿನಲ್ಲಿ ಸುರಂಗ ಕಾಗದದ ಮೇಲೆ ಮುಗಿಯಿತು. ನೀರೂ ಬಂತು. ಒಳಗೆ ಕೆಲಸ ಮಾಡುವವರಿಗೆ ಉಸಿರಾಡಲು ಗುಡ್ಡದ ಮೇಲಿನಿಂದ ಕೊರೆಯುವ ಗಾಳಿಕಂಡಿಯೂ ಆಯಿತು. ಗುಡ್ಡದಲ್ಲಿ ಮಾತ್ರ ಸುರಂಗ ಅರ್ಧಕ್ಕೆ ನಿಂತಿತ್ತು. ಗಾಳಿಕಂಡಿ ಎಲ್ಲಿ ಬರಬೇಕಿತ್ತೋ ಅಲ್ಲಿ ಗೇರುಮರವೊಂದು ಹೂಬಿಟ್ಟು ನಿಂತಿತ್ತು.

ಯಾರೋ ಮೇಲಿನವರಿಗೆ ದೂರಿನ ಪರಾತಿ ಬರೆದರು. ಬಿಸು ಹಬ್ಬ ಕಳೆದ ಮೇಲೆ ಆಡಿಟಿನವರು ಅಳೆಯಲು ಬರುತ್ತಾರೆಂದು ಸುದ್ದಿಯಾಯಿತು. ಧನರಾಜ ಬೆಳಿಗ್ಗೆಯೇ ಬಂದು ನಿಂತ. ಕಾಗದದಲ್ಲಿದ್ದಷ್ಟು ಉದ್ದ ಗುಡ್ಡದಲ್ಲೂ ಆಗಬೇಕು, ಬೇಗ ಆಗಬೇಕು ಎಂದ. ಹೊನ್ನಯ್ಯ ತಲೆ ಕೆರೆದುಕೊಂಡ.

‘‘ಧನರಾಜಣ್ಣ, ಒಳಗೆ ಕ್ಯಾಂಡಲ್ ನಿಲ್ಲುದಿಲ್ಲ. ಕಂಡಿ ಹೊಡೆಯದೆ ಮುಂದೆ ಹೋಗ್ಲಿಕ್ಕಾಗುದಿಲ್ಲ.’’

‘‘ಕಂಡಿ ಆಗಿ ಉಂಟಲ್ಲ ಮಾರಾಯ. ಬೇಕಾದ್ರೆ ಪಂಚಾಯತಿಗೆ ಬಂದು ನೋಡು,’’ ಎಂದು ಧನರಾಜ ನಕ್ಕ. ಅವನ ಜೊತೆಗಿದ್ದವರೂ ನಕ್ಕರು. ಹೊನ್ನಯ್ಯನೂ ನಕ್ಕ. ‘‘ಅವರು ಅಳೆಯುದು ಉದ್ದ. ಗಾಳಿ ಅಳೀತಾರಾ? ಅವರು ಹೋಗ್ಲಿ, ಮತ್ತೆ ಹೊಡೆಯುವ.’’

ಹೊನ್ನಯ್ಯ ಒಳಗೆ ಹೋದದ್ದು ಹೆದರಿಕೆಯಿಂದ ಮಾತ್ರ ಎಂದರೆ ಸುಳ್ಳಾದೀತು. ಕೊನೆಯ ಬುಟ್ಟಿಗಳ ಮಣ್ಣು ತಂಪಾಗಿತ್ತು. ಅವನು ಅದನ್ನು ಹಿಡಿಯಲ್ಲಿ ಹಿಂಡಿ ಹೆಂಡತಿಯ ಕೆನ್ನೆಗೆ ಮುಟ್ಟಿಸಿದ್ದ. ಇನ್ನೊಂದು ಸ್ವಲ್ಪ, ಇಲ್ಲೇ ಉಂಟು ಎಂದಿದ್ದ. ಗೇಟಿನ ಹೊರಗೆ ಕೊಡ ಹಿಡಿದು ನಿಂತ ಈಶ್ವರಿಯನ್ನು ಅವನೂ ನೋಡಿದವನೇ.

ಮಧ್ಯಾಹ್ನದ ಹೊತ್ತು. ಈಶ್ವರಿ ಮಣ್ಣು ಸುರಿದು ಬಂದು ಓಯ್ ಎಂದಳು. ಬಡಿತ ಕೇಳಲಿಲ್ಲ. ಇನ್ನೊಮ್ಮೆ ಕೂಗಿದಳು. ಬುಟ್ಟಿ ಬಿಸಾಡಿ ಒಳಗೆ ನುಗ್ಗಿದಳು. ಸ್ವಲ್ಪ ದೂರ ಹೋದ ಮೇಲೆ ಕ್ಯಾಂಡಲಿನ ಬೆಳಕು ಕಾಣಬೇಕಿತ್ತು. ಇರಲಿಲ್ಲ. ಮೊಣಕಾಲೂರಿ ಹೋದಳು. ಕೈಗೆ ಅವನ ಹಿಮ್ಮಡಿ ಸಿಕ್ಕಿತು. ಎಳೆದಳು. ಅವಳ ಎದೆಯೇ ಬಿಗಿಯಿತು, ಕಿವಿಯಲ್ಲಿ ಹುಯಿಲೆದ್ದಿತು, ಕಣ್ಣೆದುರು ಹಳದಿ ಬಂತು. ಹಿಮ್ಮಡಿ ಬಿಟ್ಟಳು. ಬಿಟ್ಟು ತೆವಳಿಕೊಂಡು ಹೊರಗೆ ಬಂದಳು.

ಆ ಬಿಟ್ಟ ಕೈ ಅವಳಿಗೆ ಮತ್ತೆ ತನ್ನದೆನ್ನಿಸಲಿಲ್ಲ.

ಹೊನ್ನಯ್ಯನ ಮಾವ ಕುಂಞ ಮತ್ತು ಇಬ್ಬರು ಗಂಡಸರು ಒದ್ದೆ ಬೈರಾಸು ಮುಖಕ್ಕೆ ಕಟ್ಟಿಕೊಂಡು ಹೋಗಿ, ಕಾಲಿಗೆ ಹಗ್ಗ ಹಾಕಿ ಎಳೆದು ತಂದರು. ಮುಖ ನೆಲಕ್ಕೆ ಉಜ್ಜಿಕೊಂಡೇ ಬಂದಿತ್ತು. ಬಾಯಿ ತುಂಬ ಕೆಂಪು ಮಣ್ಣು. ಧನರಾಜ ಜೀಪಿನಲ್ಲಿ ಬಂದ. ಹೆಣವನ್ನು ನೋಡಿದ, ಸುರಂಗದ ಬಾಯಿಯನ್ನು ನೋಡಿದ, ರಸ್ತೆಯ ಕಡೆ ನೋಡಿದ.

‘‘ಇಲ್ಲಿ ಬೇಡ,’’ ಎಂದ. ‘‘ಮನೆಗೆ ತನ್ನಿ.’’

ಮಾರ್ಚಿನಲ್ಲಿ ಮುಗಿದ ಸುರಂಗದಲ್ಲಿ ಏಪ್ರಿಲಿನಲ್ಲಿ ಒಬ್ಬ ತೋಡುತ್ತ ಸಾಯುವುದು ಹೇಗೆ? ಅದನ್ನು ಅವನು ಬಿಡಿಸಿ ಹೇಳಲಿಲ್ಲ. ಬೇರೆ ಮಾತು ಹೇಳಿದ. ಪೊಲೀಸರು ಬರುತ್ತಾರೆ, ಕಾಸರಗೋಡಿಗೆ ಒಯ್ದು ಹೆಣ ಕುಯ್ಯುತ್ತಾರೆ, ಮುಗಿದ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಸತ್ತವನ ಮೇಲೆಯೇ ಕೇಸು ಮಾಡುತ್ತಾರೆ. ಮನೆಯಲ್ಲಿ ಎದೆನೋವು ಬಂದು ಹೋದದ್ದು ಎಂದರೆ ಎಲ್ಲರಿಗೂ ಒಳ್ಳೆಯದು. ಸರಕಾರಿ ಮನೆಯ ಪಟ್ಟಿಯಲ್ಲಿ ಈಶ್ವರಿಯ ಹೆಸರು ಬರುವಂತೆ ತಾನು ನೋಡಿಕೊಳ್ಳುತ್ತೇನೆ. ಅಂಗನವಾಡಿಯಲ್ಲಿ ಗುಡಿಸುವ ಕೆಲಸವೂ ಆದೀತು.

ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದರು. ಜನ ಸೇರುವ ಮೊದಲು ತೊಳೆಯಬೇಕು ಎಂದರು. ಈಶ್ವರಿ ತೊಳೆದಳು. ಬಾಯಿಗೆ ಬೆರಳು ಹಾಕಿ ಮಣ್ಣು ತೆಗೆದಳು. ಮೂಗಿನಿಂದ ತೆಗೆದಳು. ಉಗುರಿನ ಸಂದಿಯಿಂದ ಸೂಜಿಯಲ್ಲಿ ತೆಗೆದಳು. ಬಕೆಟ್ಟಿನ ನೀರು ಕೆಂಪಾಯಿತು, ಚೆಲ್ಲಿದಳು, ಮತ್ತೆ ಕೆಂಪಾಯಿತು. ನೀರು ಸಾಲಲಿಲ್ಲ. ಧನರಾಜ ಜೀಪಿನಲ್ಲಿ ಎರಡು ಕ್ಯಾನು ತರಿಸಿದ. ಗಂಡ ಸುರಂಗದಲ್ಲಿ ಸತ್ತ ಗುರುತನ್ನು ಅವಳು ತನ್ನ ಕೈಯಿಂದಲೇ ತೊಳೆದು ಮುಗಿಸಿದಳು.

ಆಡಿಟಿನವರು ಆಮೇಲೆ ಬಂದರು. ಸುರಂಗದ ಬಾಯಿಯಲ್ಲಿ ಟೇಪು ಹಿಡಿದು ನಿಂತರು. ಒಳಗೆ ಗಾಳಿಯಿಲ್ಲ ಎಂದು ಧನರಾಜನೇ ಎಚ್ಚರಿಸಿದ. ಅವರು ಟೇಪು ಸುತ್ತಿಕೊಂಡು, ಎಳನೀರು ಕುಡಿದು ಹೋದರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಅಕ್ಕಿ ಧನರಾಜನ ಮನೆಯಿಂದ ಬಂತು.

ಬೊಜ್ಜದ ದಿನ ಸತ್ತವರನ್ನು ಒಳಗೆ ಕರೆಯಬೇಕು. ಮನೆಯೊಳಗೆ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ತೆರೆದಿಟ್ಟು, ಹಿರಿಯನೊಬ್ಬ ಹೊರಗೆ ನಿಂತು ಹೆಸರು ಹಿಡಿದು ಕರೆಯುತ್ತಾನೆ. ದಾರಿಯಲ್ಲಿ ಯಾರೂ ನಿಲ್ಲಬಾರದು. ಕರೆದವರು ಮುಂದಾಗಿ ಮನೆಯ ಕಡೆ ನಡೆಯಬೇಕು, ತಿರುಗಿ ನೋಡಬಾರದು. ಹಾಗೆ ಕರೆದರೆ ಸತ್ತವರು ಬಂದು ಹಿರಿಯರ ಜೊತೆ ಸೇರುತ್ತಾರೆ. ಮನೆಯಲ್ಲಿ ಸತ್ತವರನ್ನು ಅಂಗಳದಿಂದ ಕರೆದರಾಯಿತು. ಮರದಿಂದ ಬಿದ್ದವರನ್ನು ಮರದ ಬುಡದಿಂದ, ಹೊಳೆಗೆ ಬಿದ್ದವರನ್ನು ಹೊಳೆಯ ಬದಿಯಿಂದ ಕರೆಯಬೇಕು. ಉಸಿರು ಎಲ್ಲಿ ನಿಂತಿತೋ ಜೀವ ಅಲ್ಲೇ ಕೂತಿರುತ್ತದೆ. ಬೇರೆ ಕಡೆಯಿಂದ ಕರೆದರೆ ಅದಕ್ಕೆ ಕೇಳುವುದಿಲ್ಲ.

ಇದು ಕರಿಪಾದೆಯವರಿಗೆ ಮಾತ್ರವಲ್ಲ, ಧನರಾಜನ ಮನೆಯವರಿಗೂ ಗೊತ್ತಿದ್ದದ್ದೇ. ಅವನ ತಂದೆ ಉಪ್ಪಳದ ಹತ್ತಿರ ಹೈವೇಯಲ್ಲಿ ಲಾರಿಯಡಿಗೆ ಬಿದ್ದು ಹೋದಾಗ, ಧನರಾಜ ಹೈವೇಯ ಅಂಚಿನಲ್ಲಿ ದೀಪ ಹಿಡಿದು ನಿಂತು ಕರೆದಿದ್ದ. ವಾಹನ ನಿಲ್ಲಿಸಿ ದಾರಿ ಬಿಡಿಸಿದ್ದರು ಎಂದು ಊರಲ್ಲಿ ಈಗಲೂ ಹೇಳುತ್ತಾರೆ.

ಕುಂಞ ಅಂಗಳದಲ್ಲಿ ನಿಂತು ಕರೆದ. ಹೊರಗೆ ನಿಲ್ಲಬೇಡ ಹೊನ್ನಯ್ಯ, ಒಳಗೆ ಬಾ, ಹಿರಿಯರ ಜೊತೆ ಸೇರು ಎಂದ. ಧನರಾಜ ಅಂಗಳದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕುಂಞನ ಮುಖ ಮಾತ್ರ ಗುಡ್ಡದ ಕಡೆ ತಿರುಗುತ್ತಿತ್ತು. ಮತ್ತೆ ಅಂಗಳಕ್ಕೆ ಬರುತ್ತಿತ್ತು.

ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರು. ಹೊನ್ನಯ್ಯನ ತಾಯಿ ಕೊರಪೊಳು ಮೊದಲು ಒಳಗೆ ಹೋದಳು. ಎಲೆಯ ಮುಂದೆ ಕೂತು ಅನ್ನವನ್ನು ನೋಡಿದಳು, ಕಳ್ಳಿನ ಗ್ಲಾಸನ್ನು ನೋಡಿದಳು.

‘‘ಮಗ ಬರ್ಲಿಲ್ಲ,’’ ಎಂದಳು.

ಎಲ್ಲರೂ ಎಲೆ ಹಾಸಿ ಉಂಡರು. ಮುದುಕಿ ಉಣ್ಣಲಿಲ್ಲ.

ಅಲ್ಲಿಂದ ಮುಂದೆ ಕೊರಪೊಳು ಸಂಜೆಯ ಊಟದಲ್ಲಿ ಒಂದು ಹಿಡಿ ತೆಗೆದು ಹೊಸ್ತಿಲಲ್ಲಿ ಇಡತೊಡಗಿದಳು. ಬೆಳಿಗ್ಗೆ ಅದು ಇಟ್ಟ ಹಾಗೇ ಇರುತ್ತಿತ್ತು. ಇರುವೆಯೂ ಮುಟ್ಟುತ್ತಿರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಈಶ್ವರಿ ಇರುವೆಗಳನ್ನು ಕಂಡಿದ್ದಳು. ಹೇಳಲು ಹೋಗಲಿಲ್ಲ. ಯಾಕೆಂದರೆ ಅವಳಿಗೂ ಕೇಳುತ್ತಿತ್ತು.

ಕೇಳುತ್ತಿದ್ದದ್ದು ಮಧ್ಯಾಹ್ನ. ಗಾಳಿ ನಿಂತು, ಕೋಳಿಗಳೂ ನೆರಳಿಗೆ ಸರಿದ ಹೊತ್ತಿಗೆ ಹಿಂದಿನ ಗೋಡೆಯೊಳಗಿನಿಂದ ಪಿಕ್ಕಾಸಿನ ಹಿಡಿ ಬಡಿದ ಸದ್ದು. ಅವಳು ಕೈಯಲ್ಲಿದ್ದದ್ದನ್ನು ಇಟ್ಟು ಕಿವಿಗೊಟ್ಟರೆ ನಿಲ್ಲುತ್ತಿತ್ತು. ಒಲೆಯ ಮುಂದೆ ಕೂತರೆ ಹಿಮ್ಮಡಿಯ ತಣ್ಣನೆಯ ಸ್ಪರ್ಶ ಅಂಗೈಗೆ ಬರುತ್ತಿತ್ತು. ತೊಳೆದ ಕೈಯನ್ನು ಮತ್ತೆ ತೊಳೆಯುತ್ತಿದ್ದಳು. ನೀರಿಲ್ಲದ ಮನೆಯಲ್ಲಿ ಇದೆಂಥ ಖರ್ಚು ಎಂದು ಅತ್ತೆ ಗದರಿಸುತ್ತಿರಲಿಲ್ಲ. ನೋಡುತ್ತಿದ್ದಳು.

ಒಂದು ದಿನ ಅತ್ತೆ ಕೇಳಿಯೇ ಬಿಟ್ಟಳು. ‘‘ಅವ ಅಲ್ಲೇ ಕೂತಿದ್ದಾನೆ. ಅವನಿಗೆ ಸತ್ತದ್ದೂ ಗೊತ್ತಿಲ್ಲ. ತೋಡ್ತಾ ಇದ್ದಾನೆ. ನೀನು ಯಾಕೆ ಅವನನ್ನು ಮನೆಯಲ್ಲಿ ಸಾಯಿಸಿದ್ದು?’’

ಈಶ್ವರಿ ಕುಂಞನ ಮನೆಗೆ ಹೋದಳು. ಸುರಂಗದ ಬಾಯಿಯಿಂದ ಒಮ್ಮೆ ಕರೆಯಿರಿ ಮಾವ, ಯಾರಿಗೂ ಹೇಳುವುದು ಬೇಡ, ನಾವು ನಾವೇ ಹೋಗುವ ಎಂದಳು. ಕುಂಞ ಬಹಳ ಹೊತ್ತು ಎಲೆ ಅಡಿಕೆ ಜಗಿದ. ಅವನ ಮಗ ಓಡಿಸುವುದು ಧನರಾಜನ ಜೀಪು. ಕದ್ದು ಕರೆದರೂ ಕರೆ ಕರೆಯೇ ಎಂದ. ಅಲ್ಲಿಂದ ಕರೆದರೆ ಅಲ್ಲಿ ಸತ್ತದ್ದು ಎಂದಾಗುತ್ತದೆ. ನಾಳೆ ಯಾರಾದರೂ ಕೇಳಿದರೆ ತನಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾಗಿ ಕರೆಯದೆ ಇರುವುದೇ ಲೇಸು. ಇಷ್ಟು ಹೇಳಿ ಅವನು ಉಗುಳಲು ಎದ್ದುಹೋದವನು ಮತ್ತೆ ಒಳಗೆ ಬರಲಿಲ್ಲ.

ಓವರ್‌ಸಿಯರ್ ಉಜ್ವಲಾ ಬಂದದ್ದು ಅದೇ ವಾರ. ಕಾಸರಗೋಡಿನವಳು. ಚಿಕ್ಕ ಪ್ರಾಯ. ಸುರಂಗ ಮುಗಿದಿದೆ ಎಂದು ಮಾರ್ಚಿನಲ್ಲಿ ಅಳತೆ ಬರೆದವಳು ಅವಳೇ. ಅವಳ ಕೈಗೆ ಧನರಾಜ ಏನೂ ಕೊಟ್ಟಿರಲಿಲ್ಲ. ಕೊಟ್ಟರೂ ಅವಳು ತೆಗೆದುಕೊಳ್ಳುವವಳಲ್ಲ. ಕಚೇರಿಯಲ್ಲಿ ಚಹಾವನ್ನೂ ತನ್ನ ದುಡ್ಡಿನಲ್ಲೇ ಕುಡಿಯುತ್ತಾಳೆ ಎಂದು ಹೆಸರಾಗಿದ್ದಳು. ಮೇಲಿನವರು ಈ ವರ್ಷ ಮುಗಿಸಿಬಿಡು, ಕೆಲಸ ಹೇಗೂ ಆಗುತ್ತದಲ್ಲ ಎಂದರು. ಬರೆದಳು. ಈಗ ನಿದ್ದೆ ಬರುವುದಿಲ್ಲ ಎಂದಳು. ಜಗಲಿಯಲ್ಲಿ ಕೂತು, ಹೊನ್ನಯ್ಯನನ್ನು ಮಲಗಿಸಿದ್ದ ಜಾಗದಲ್ಲೇ ಕೂತು, ಅತ್ತಳು.

‘‘ನೀವು ಒಂದು ಪರಾತಿ ಕೊಡಿ ಚೇಚಿ. ಗಂಡ ಸುರಂಗದಲ್ಲಿ ಹೋದ್ರು ಅಂತ. ನೀವು ಹೇಳಿದ್ರೆ ನಾನು ಸತ್ಯ ಬರೀತೇನೆ.’’

ಈಶ್ವರಿ ಅವಳಿಗೆ ಕುಡಿಯಲು ಕೊಟ್ಟ ನೀರಿನ ಲೋಟವನ್ನೇ ನೋಡುತ್ತಿದ್ದಳು. ಉಜ್ವಲಾ ಅದನ್ನು ಇನ್ನೂ ಮುಟ್ಟಿರಲಿಲ್ಲ.

‘‘ಮೊದಲು ನೀವು ಬರೀರಿ,’’ ಎಂದಳು ಈಶ್ವರಿ. ‘‘ನೀವು ಬರೆದ್ರೆ ನಾನು ಹೇಳ್ತೇನೆ.’’

‘‘ಹಾಗೆ ಆಗುದಿಲ್ಲ. ನನ್ನ ಕೆಲಸ ಹೋಗ್ತದೆ.’’

‘‘ನನ್ನದು ಎಂತ ಹೋಗ್ತದೆ ಅಂತ ನಿಮಗೆ ಗೊತ್ತುಂಟಾ?’’

ಉಜ್ವಲಾ ಕಣ್ಣೊರೆಸಿಕೊಂಡು ಲೋಟದ ನೀರನ್ನು ಪೂರ್ತಿ ಕುಡಿದಳು. ಅವಳು ಇಳಿದು ಹೋದ ಮೇಲೆ ಈಶ್ವರಿಗೆ ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟು ತಿರುಗಿ ತನ್ನ ಮೇಲೆಯೇ ಬಂತು. ಅವಳು ಬರೆದಳು, ನಾನು ತಲೆ ತಗ್ಗಿಸಿದೆ. ಇಬ್ಬರಿಗೂ ಎಂತ ವ್ಯತ್ಯಾಸ? ಯೋಚಿಸಿದಷ್ಟೂ ಒಂದೇ ಸಿಕ್ಕಿತು. ಅವಳಿಗೆ ಸಂಜೆ ಮನೆಗೆ ಹೋಗಲು ಬಸ್ಸು ಉಂಟು.

ಉದ್ಘಾಟನೆ ಮಳೆಗೆ ಮೊದಲು ಆಗಲೇಬೇಕಿತ್ತು. ಮಳೆ ಬಂದರೆ ಅರ್ಧ ಸುರಂಗದ ಮಾಡು ಕುಸಿಯುತ್ತದೆ, ಊರಿಗೇ ಕಾಣುತ್ತದೆ. ಉದ್ಘಾಟನೆ ಮಾಡಿ, ಬಾಯಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರೆ ಆಮೇಲೆ ಕುಸಿದದ್ದು ದೇವರ ಕೆಲಸ.

ಧನರಾಜ ಈಶ್ವರಿಯನ್ನು ಕರೆಯಲು ಸ್ವತಃ ಬಂದ. ಕೂತು ಮಾತಾಡಿದ. ಅತ್ತೆಯ ಆರೋಗ್ಯ ಕೇಳಿದ. ಸುರಂಗದಲ್ಲಿ ನೀರು ಬಂದಾಗ ಮೊದಲ ನೀರನ್ನು ತೋಡಿದವನೇ ಕುಡಿಯುವುದು ಇಲ್ಲಿಯ ಪದ್ಧತಿ. ತೋಟದ ಯಜಮಾನನೂ ಆಮೇಲೆಯೇ ಮುಟ್ಟುತ್ತಾನೆ. ಹೊನ್ನಯ್ಯ ಇಲ್ಲದ್ದರಿಂದ ಅವನ ಹೆಂಡತಿ ಕುಡಿಯಬೇಕು. ಪಂಚಾಯತಿನ ಅಧ್ಯಕ್ಷರು ಕೈಯಾರೆ ಕೊಡುತ್ತಾರೆ. ಪತ್ರಿಕೆಯವರು ಬರುತ್ತಾರೆ.

‘‘ನಿನ್ನ ಗಂಡನಿಗೆ ಮರ್ಯಾದೆ ಮಾರಾಯ್ತಿ,’’ ಎಂದ. ‘‘ನೀನು ಕುಡಿದ್ರೆ ಆಯ್ತು. ಭಾಷಣ ಎಲ್ಲ ಬೇಡ.’’

ಹೋಗುವಾಗ ಗೇಟಿನ ಬೀಗ ಅದೇ ದಿನ ಹಾಕುವುದೆಂದೂ ಹೇಳಿದ. ಅವಳಿಗೆ ಬೇರೆ ಯಾವ ಮಾತೂ ಕಿವಿಗೆ ಹೋಗಲಿಲ್ಲ. ಬೀಗ ಬಿದ್ದರೆ ಒಳಗಿದ್ದವ ಒಳಗೇ.

ಆ ದಿನ ಬೆಳಿಗ್ಗೆ ಕಾಲನಿಗೆ ಬರಬೇಕಾದ ನೀರಿನ ಟ್ಯಾಂಕರು ಕಾಲನಿಯಲ್ಲಿ ನಿಲ್ಲದೆ ಮೇಲೆ ಹೋಯಿತು. ಕೊಡ ಹಿಡಿದು ಕಾದಿದ್ದ ಹೆಂಗಸರು ಅದು ಹೋದ ಕಡೆ ನೋಡುತ್ತ ನಿಂತರು. ಸುರಂಗದ ಬಾಯಿಯ ಒಳಗೆ ಮಣ್ಣಿನ ಕಟ್ಟ ಕಟ್ಟಿ, ಅದರ ಹಿಂದೆ ಟ್ಯಾಂಕರಿನ ನೀರು ತುಂಬಿಸಿ, ಕಟ್ಟದ ಬುಡದಲ್ಲಿ ಪೈಪು ಇಟ್ಟಿದ್ದರು. ಗುಟ್ಟೇನೂ ಇರಲಿಲ್ಲ. ಹಗಲಿನಲ್ಲೇ, ಎಲ್ಲರೂ ನೋಡುತ್ತಿದ್ದಂತೆಯೇ ಮಾಡಿದರು. ಕಾಲನಿಯ ಗಂಡಸರಲ್ಲಿ ಇಬ್ಬರು ಪೈಪು ಹಿಡಿಯಲು ಕೈಯನ್ನೂ ಕೊಟ್ಟರು. ಒಬ್ಬಳು ಮಾತ್ರ, ನಮ್ಮ ನೀರನ್ನು ಗುಡ್ಡಕ್ಕೆ ಕುಡಿಸಿ ನಮಗೇ ಕೊಡ್ತಾರಲ್ಲ, ಭಾರೀ ಉಪಕಾರ ಎಂದಳು. ಸುತ್ತಲಿದ್ದವರು ನಕ್ಕು, ಸೀರೆ ಬದಲಿಸಲು ಮನೆಗೆ ಹೋದರು.

ಸುರಂಗದ ಬಾಯಿಯ ಮುಂದೆ ಶಾಮಿಯಾನ. ಅದಕ್ಕೆ ಬೇರೆ ಸಮತಟ್ಟು ಜಾಗವಿರಲಿಲ್ಲ. ಅಲ್ಲಿಂದ ಕಾಲನಿಗೆ ಇಳಿಯುವ ಕಾಲುದಾರಿಯ ಮೇಲೆಯೇ ಕುರ್ಚಿಗಳನ್ನು ಹಾಕಿದ್ದರು. ಸುರಂಗದ ಬಾಯಿಯ ಗೋಡೆಯಲ್ಲಿ ಉದ್ಘಾಟನೆಯ ಕಪ್ಪು ಕಲ್ಲು. ಪೆರ್ಲದ ಲೈಬ್ರರಿಯಲ್ಲಿ ಶಾಲೆ ಬಿಟ್ಟ ದೊಡ್ಡವರಿಗೆ ಸಂಜೆ ನಡೆಯುವ ತುಲ್ಯತಾ ತರಗತಿಗೆ ಹೋಗಿ ಈಶ್ವರಿ ಏಳನೆಯದು ಪಾಸಾಗಿದ್ದಳು. ನಿಧಾನವಾಗಿ ಓದಿದಳು. ಅಧ್ಯಕ್ಷರ ಹೆಸರು, ಹರಿಣಾಕ್ಷಿಯ ಹೆಸರು, ಗುಣಭೋಕ್ತೃ ಸಮಿತಿ. ಕಾಮಗಾರಿ ಪೂರ್ತಿಯಾದದ್ದು ಮಾರ್ಚ್. ಗಂಡನ ಕೊನೆಯ ದಿನಗಳ ಬೆವರು, ತಂಪು ಮಣ್ಣು, ಕೆನ್ನೆಗೆ ಮುಟ್ಟಿಸಿದ ಬೆರಳು, ಯಾವುದಕ್ಕೂ ಆ ಕಲ್ಲಿನಲ್ಲಿ ಜಾಗವಿರಲಿಲ್ಲ. ಅವು ನಡೆದೇ ಇರಲಿಲ್ಲ.

ಭಾಷಣಗಳಾದವು. ಪಾರದರ್ಶಕತೆ ಎಂಬ ಪದ ಹಲವು ಸಲ ಬಂತು. ಕುಂಞನಿಗೆ ಶಾಲು ಹೊದಿಸಿದರು. ಉಜ್ವಲಾ ಕೊನೆಯ ಸಾಲಿನಲ್ಲಿ ಚೀಲವನ್ನು ಎದೆಗೆ ಅಪ್ಪಿಕೊಂಡು ಕೂತಿದ್ದಳು. ಧನರಾಜ ಕಣ್ಣಿನಲ್ಲೇ ಸನ್ನೆ ಮಾಡಿದ. ಯಾರೋ ಒಳಗಿನಿಂದ ಪೈಪಿನ ಬಿರಡೆಯನ್ನು ತೆಗೆದರು. ನೀರು ಬಂತು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಟ್ಟಿದರು. ಆ ಚಪ್ಪಾಳೆ ಈಶ್ವರಿಯ ಬೆನ್ನಿನ ಮೇಲೆ ಒಂದೊಂದಾಗಿ ಬಿತ್ತು.

ಹರಿಣಾಕ್ಷಿ ಹೊಸ ಸ್ಟೀಲಿನ ಲೋಟದಲ್ಲಿ ನೀರು ಹಿಡಿದು ಅಧ್ಯಕ್ಷರ ಕೈಗೆ ಕೊಟ್ಟಳು. ಅಧ್ಯಕ್ಷರು ಎರಡೂ ಕೈಯಿಂದ ಈಶ್ವರಿಯ ಮುಂದೆ ಹಿಡಿದರು. ಮುಂದಿನ ಸಾಲಿನಲ್ಲಿ ಕೂರಿಸಿದ್ದ ಕೊರಪೊಳು ಇದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಪ್ರಾಯಕಾಲದಲ್ಲಿ ಇಂಥವರ ಮನೆಯವರು ಅವಳ ಬೊಗಸೆಗೆ ಮೊಳದೆತ್ತರದಿಂದ ನೀರು ಸುರಿಯುತ್ತಿದ್ದರು. ಈಗ ಲೋಟ ಕೈಗೇ ಬಂದಿತ್ತು. ಕ್ಯಾಮೆರಾದವ ಸ್ವಲ್ಪ ನಗಿ ಎಂದ.

ಈಶ್ವರಿ ಲೋಟ ತೆಗೆದುಕೊಂಡಳು. ಬಾಯಿಯ ಹತ್ತಿರಕ್ಕೂ ತಂದಳು. ಬಾಯಾರಿಕೆ ನಿಜವಾಗಿಯೂ ಇತ್ತು. ಬೆಳಿಗ್ಗೆಯಿಂದ ಮನೆಯಲ್ಲಿ ಹನಿ ನೀರಿರಲಿಲ್ಲ. ನೀರಿನಲ್ಲಿ ಬ್ಲೀಚಿನ ವಾಸನೆಯಿತ್ತು. ಅದಕ್ಕಲ್ಲ ಅವಳು ನಿಂತದ್ದು. ಒಂದು ಗುಟುಕು ಇಳಿದರೆ ಸುರಂಗ ಮುಗಿಯುತ್ತದೆ. ಮುಗಿದ ಸುರಂಗದಲ್ಲಿ ಯಾರೂ ಇಲ್ಲ. ಗಂಡನ ಬಾಯಿಂದ ಮಣ್ಣು ತೆಗೆದವಳೇ ಈಗ ಅವನ ಬಾಯಿಗೆ ಕಲ್ಲು ಇಟ್ಟ ಹಾಗೆ.

‘‘ನಾನು ಕುಡಿಯುದಿಲ್ಲ,’’ ಎಂದಳು.

ಅಧ್ಯಕ್ಷರಿಗೆ ಕೇಳಲಿಲ್ಲ. ನಗುತ್ತಲೇ ಇದ್ದರು. ಧನರಾಜ ಹತ್ತಿರ ಬಂದು, ಹಲ್ಲು ಕಚ್ಚಿಕೊಂಡು, ನಾಟಕ ಬೇಡ, ಕುಡಿ ಎಂದ.

‘‘ತೋಡಿದವರು ಒಳಗೆ ಇದ್ದಾರೆ. ಅವರು ಬರದೆ ನಾನು ಹೇಗೆ ಕುಡಿಯುದು?’’

ಲೋಟವನ್ನು ನೆಲದಲ್ಲಿಟ್ಟಳು. ಸುರಂಗದ ಬಾಯಿಗೆ ಹೋಗಿ ನಿಂತಳು. ಹೆಂಗಸರು ಸತ್ತವರನ್ನು ಕರೆಯುವ ಕ್ರಮ ಕರಿಪಾದೆಯಲ್ಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಕ್ರಮವೂ ಅವಳಿಗಿರಲಿಲ್ಲ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ, ದೈವ ಮೆಚ್ಚೀತೋ ಇಲ್ಲವೋ, ನಾಳೆ ಅತ್ತೆಗೆ ಅನ್ನ ಎಲ್ಲಿಂದ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಅವುಗಳ ನಡುವಿನಿಂದಲೇ ಹೆಸರು ಹೊರಗೆ ಬಂತು.

‘‘ಹೊನ್ನಯ್ಯ.’’

ಗುಡ್ಡದ ಹೊಟ್ಟೆಯಲ್ಲಿ ಅದು ಹೋಗಿ ಎಲ್ಲೋ ತಾಗಿತು.

‘‘ಹೊನ್ನಯ್ಯ, ತೋಡಿದ್ದು ಸಾಕು. ನೀವು ಸತ್ತದ್ದು ಇಲ್ಲಿ. ಮನೆಯಲ್ಲಿ ಅಲ್ಲ. ನಾವು ಸುಳ್ಳು ಹೇಳಿದ್ದು. ಇನ್ನು ಒಳಗೆ ನಿಲ್ಲಬೇಡಿ. ಮನೆಗೆ ಬನ್ನಿ.’’

ಮೈಕು ದೂರವಿತ್ತು. ಬೇಕಾಗಿರಲಿಲ್ಲ. ಚಪ್ಪಾಳೆ ತಟ್ಟಿದ ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಮೂರನೆಯ ಸಲ ಕರೆಯುವಾಗ ಅವಳ ದನಿ ಒಡೆಯಿತು. ಅರ್ಧಕ್ಕೆ ನಿಂತದ್ದನ್ನು ಹಿಂದಿನಿಂದ ಇನ್ನೊಂದು ದನಿ ಎತ್ತಿಕೊಂಡಿತು. ಕುಂಞ. ಶಾಲನ್ನು ಕುರ್ಚಿಯ ಮೇಲೆ ಹಾಕಿ ಎದ್ದು ನಿಂತಿದ್ದ. ಹೊರಗೆ ನಿಲ್ಲಬೇಡ ಹೊನ್ನಯ್ಯ, ಹಿರಿಯರ ಜೊತೆ ಸೇರು ಎಂದು ಅವನು ಪೂರ್ತಿ ಮಾಡಿದ.

ಈಶ್ವರಿ ತಿರುಗಿ ಮನೆಯ ಕಡೆ ಮುಖ ಮಾಡಿದಳು. ಮುಂದೆ ಕಾಲುದಾರಿ. ದಾರಿಯ ಮೇಲೆ ಕುರ್ಚಿಗಳು, ಕುರ್ಚಿಗಳಲ್ಲಿ ಜನ.

‘‘ದಾರಿ ಬಿಡಿ,’’ ಎಂದಳು. ‘‘ಅವರು ಬರ್ತಾ ಇದ್ದಾರೆ.’’

ಮೊದಲು ಎದ್ದವಳು ಕೊರಪೊಳು. ಕುರ್ಚಿಯನ್ನು ತಾನೇ ಎಳೆದು ಬದಿಗೆ ಹಾಕಿದಳು. ಕಾಲನಿಯವರು ಎದ್ದರು. ಟ್ಯಾಂಕರಿನ ಪೈಪು ಹಿಡಿದಿದ್ದ ಗಂಡಸರು ಎದ್ದು ಕುರ್ಚಿಗಳನ್ನು ಎತ್ತಿ ಎತ್ತಿ ಬದಿಗೆ ಇಟ್ಟರು. ಉಜ್ವಲಾ ದಾರಿಯಿಂದ ಕೆಳಗಿಳಿದು, ಚೀಲದಿಂದ ಪೆನ್ನು ತೆಗೆದು, ಬರೆಯದೆ ಹಿಡಿದುಕೊಂಡು ನಿಂತಳು. ಎಲ್ಲರೂ ಸರಿಯುವುದನ್ನು ಕಂಡು ಅಧ್ಯಕ್ಷರೂ ಏನೆಂದು ತಿಳಿಯದೆ ಸರಿದರು. ಹರಿಣಾಕ್ಷಿ ಗಂಡನ ಮುಖ ನೋಡಲಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು ದಾರಿಯ ಆಚೆಗೆ ಹೋದಳು.

ದಾರಿಯಲ್ಲಿ ಉಳಿದವನು ಧನರಾಜ ಒಬ್ಬ.

ಅವನು ಸುರಂಗಕ್ಕೆ ಬೆನ್ನು ಮಾಡಿ ಕೈಕಟ್ಟಿ ನಿಂತಿದ್ದ. ಎಂತ ಹುಚ್ಚು ಇದು, ಮೈಕ್ ಹಾಕಿ ಎಂದ. ಯಾರೂ ಹಾಕಲಿಲ್ಲ. ಎರಡೂ ಬದಿಯಲ್ಲಿ ಸಾಲಾಗಿ ನಿಂತ ಜನ ಅವನನ್ನು ನೋಡುತ್ತಿರಲಿಲ್ಲ. ಅವನ ಹಿಂದೆ, ಸುರಂಗದ ಬಾಯಿಯಿಂದ ಅವನವರೆಗಿನ ಖಾಲಿ ದಾರಿಯನ್ನು ನೋಡುತ್ತಿದ್ದರು. ಅವನು ತಿರುಗಲಿಲ್ಲ. ಸರಿದರೆ ಒಳಗಿನಿಂದ ಒಬ್ಬ ಬರುತ್ತಿದ್ದಾನೆ ಎಂದು ಒಪ್ಪಿದ ಹಾಗೆ. ಸರಿಯದಿದ್ದರೆ, ಬರುತ್ತಿರುವವನು ಅವನ ಬೆನ್ನಿಗೇ ಬಂದು ನಿಲ್ಲುತ್ತಾನೆ. ಬಿಳಿ ಅಂಗಿಯ ಬೆನ್ನು ಒದ್ದೆಯಾಗುತ್ತ ಬಂತು.

ಧನರಾಜ ಚಪ್ಪಲಿ ಕಳಚಿದ. ಒಂದು ಕಾಲನ್ನು ದಾರಿಯಿಂದ ತೆಗೆದ. ಇನ್ನೊಂದನ್ನೂ ತೆಗೆದು ದಾರಿಯಿಂದ ಕೆಳಗಿಳಿದು, ಹುಲ್ಲಿನ ಮೇಲೆ ತಲೆ ತಗ್ಗಿಸಿ ನಿಂತ.

ಈಶ್ವರಿ ಅವನನ್ನು ದಾಟಿ ನಡೆದಳು. ತಿರುಗಿ ನೋಡದೆ ಮೆಲ್ಲ ನಡೆದಳು, ಬಹಳ ದಿನ ಕುಕ್ಕರಗಾಲಲ್ಲಿ ಕೂತವರು ಬೇಗ ನಡೆಯಲಾರರು.